ಕಡೆಯ ಮನೆಯ ಒಲೆ, ನಾಲ್ಕನೆಯ ಎಂಜಿನಿಯರು

ನಮ್ಮ ಕಡೆಯ ಜನರಲ್ಲಿ ಒಂದು ಗುಣವಿದೆ. ಅದನ್ನು ಸದ್ಗುಣವೆನ್ನಬೇಕೋ ರೋಗವೆನ್ನಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಮನೆಗೆ ಯಾರಾದರೂ ಬರುತ್ತಾರೆಂದರೆ ನಮಗಿರುವ ತಾಪತ್ರಯವನ್ನೆಲ್ಲ ಮೊದಲು ಒಳಕೋಣೆಗೆ ದೂಡಿ ಕದ ಹಾಕಿ, ಆಮೇಲೆ ಬಂದವರಿಗೆ ಮುಂಬಾಗಿಲು ತೆರೆಯುತ್ತೇವೆ. ನಮ್ಮ ಅಜ್ಜ ಎಂಟು ದಿನ ಜ್ವರದಲ್ಲಿ ಮಲಗಿದ್ದಾಗ ಮನೆಯವರು ಗಾಬರಿಯಾಗಿ ಚಕ್ಕಡಿ ಕಟ್ಟಿ ರಾಮದುರ್ಗದಿಂದ ಡಾಕ್ಟರರನ್ನು ಕರೆಸಿದರು. ಚಕ್ಕಡಿ ಊರಬಾಗಿಲ ಅಗಸಿಯ ಒಳಗೆ ಬಂತೆಂದು ಕೇಳಿದ್ದೇ ತಡ, ಅಲ್ಲಿಯವರೆಗೆ ಕಣ್ಣು ಬಿಡದಿದ್ದ ಅಜ್ಜ ಎದ್ದು ಕುಳಿತ. ಮುಖ ತೊಳೆಸಿಕೊಂಡ, ವಿಭೂತಿ ಹಚ್ಚಿಕೊಂಡ, ರುಮಾಲು ಸುತ್ತಿಸಿಕೊಂಡ. ಡಾಕ್ಟರರು ಬಂದು "ಹೆಂಗದೀರಿ ಅಜ್ಜಾರ?" ಎಂದು ಕೇಳಿದರೆ, "ಆರಾಮ ಅದೇನ್ರಿಪಾ. ನೀವು ಹೆಂಗದೀರಿ? ಮನ್ಯಾಗ ಎಲ್ಲಾರೂ ಆರಾಮ?" ಎಂದು ಅವರನ್ನೇ ವಿಚಾರಿಸತೊಡಗಿದ. ಡಾಕ್ಟರರು ಅವಲಕ್ಕಿ ತಿಂದು, ಚಹಾ ಕುಡಿದು, "ಗಟ್ಟಿ ಮನಶ್ಯಾ" ಎಂದು ಹೊಗಳಿ ಹೋದರು. ಚಕ್ಕಡಿ ಅಗಸಿ ದಾಟುತ್ತಲೇ ಅಜ್ಜ ಮತ್ತೆ ಹಾಸಿಗೆಗೆ ಬಿದ್ದ. ಅಜ್ಜಿ ತಲೆ ಚಚ್ಚಿಕೊಂಡರೆ, "ಅಷ್ಟು ದೂರದಿಂದ ಬಂದಾರ, ಅವರ ಮುಂದ ನರಳಿದ್ರ ಹೆಂಗ ಕಾಣತೈತಿ?" ಎಂದನಂತೆ. ಪುಣ್ಯಕ್ಕೆ ಆ ಜ್ವರ ತಾನಾಗಿಯೇ ಬೇಸತ್ತು ಬಿಟ್ಟುಹೋಯಿತು.

ಇದನ್ನು ನಾನು ಅಜ್ಜನ ತಮಾಷೆಯೆಂದು ಎಷ್ಟೋ ಮಂದಿಗೆ ಹೇಳಿ ನಗಿಸಿದ್ದೇನೆ. ಅದು ನಮ್ಮ ಇಡೀ ಬೀದಿಯ ಸ್ವಭಾವವೆಂದೂ, ಅದರಿಂದ ಒಂದು ಯೋಜನೆಯೇ ಮುಳುಗಬಹುದೆಂದೂ ನನಗೆ ತಿಳಿದದ್ದು ನಾನೊಬ್ಬ ಎಂಜಿನಿಯರರನ್ನು ನೇಮಿಸಲು ಹೊರಟಾಗ. ಹೌದು, ನಾನು ಎಂಜಿನಿಯರರನ್ನು ನೇಮಿಸಿದವನು. ಅದೂ ಎಂಥವರನ್ನು? ಇಂಧನ ಯೋಜನೆಗಳಲ್ಲಿ ಕೊಳವೆಯೊಳಗಿನ ಹರಿವನ್ನು ಲೆಕ್ಕ ಹಾಕುವ ಹಿರಿಯ ಎಂಜಿನಿಯರರನ್ನು. ಕೊಳವೆಯ ಬಗ್ಗೆ ನನಗಿದ್ದ ಜ್ಞಾನವೆಂದರೆ ಅದಕ್ಕೆ ಎರಡು ತುದಿ ಇರುತ್ತದೆ ಎಂಬುದಷ್ಟೇ. ಕನ್ನಡ ಶಾಲೆಯ ಮಾಸ್ತರನಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಚಿಮಣಿ ಎಣ್ಣೆಗಾಗಿ ಡಬ್ಬಿ ಹಿಡಿದು ಸರದಿ ನಿಲ್ಲುತ್ತಿದ್ದ ಕಾಲ. ಸುರೇಬಾನದಲ್ಲಿ ಬಸ್ಸಿಳಿದು ಮುಕ್ಕಾಲು ತಾಸು ನಡೆದರೆ ಸಿಗುವ ನಮ್ಮೂರಿಗೆ ಒಂದು ಗೋಬರ್ ಗ್ಯಾಸ್ ಸೊಸೈಟಿ ಬಂತು. ಅರಳೆ ವ್ಯಾಪಾರದ ಬಸಲಿಂಗಪ್ಪನವರು ಅಧ್ಯಕ್ಷರಾದರು. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ಸೆಕ್ರೆಟರಿಯಾದೆ. ನಮ್ಮ ಬೀದಿಯ ತಲೆಗೆ ಬಾವಿಯಂಥದೊಂದು ಗುಂಡಿ ತೋಡಿ, ಹನ್ನೊಂದು ಮನೆಯ ದನಗಳ ಸೆಗಣಿಯನ್ನು ಅದರಲ್ಲಿ ಕಲಸಿ, ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಿದರು. ಒಳಗೆ ಗ್ಯಾಸು ತುಂಬಿದಂತೆ ಆ ಡ್ರಮ್ಮು ತಾನೇ ಮೇಲೇಳುತ್ತಿತ್ತು. ಅದನ್ನು ನೋಡಲು ಹೂಲಿಯಿಂದಲೂ ಮಂದಿ ಬಂದಿದ್ದರು. ಅಲ್ಲಿಂದ ಒಂದು ಕೊಳವೆ ಹೊರಟು, ಬೀದಿಯುದ್ದಕ್ಕೂ ಮನೆಮನೆಗೆ ಕವಲೊಡೆದು, ಹನ್ನೊಂದನೆಯ ಮನೆಯಲ್ಲಿ ಮುಗಿಯುತ್ತಿತ್ತು. ಹನ್ನೊಂದನೆಯದು ನಮ್ಮ ಮನೆ.

ಕೊಳವೆ ಹಾಕುವಾಗ ನಡೆದ ಒಂದು ಸಣ್ಣ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಮುಂದೆ ನನ್ನ ಅಪ್ಪ ಕಟ್ಟಿಸಿದ ಕಲ್ಲಿನ ಕಟ್ಟೆಯಿದೆ. ಬೆಳಿಗ್ಗೆ ಅದರ ಮೇಲೆ ಕುಳಿತು ಪೇಪರು ಓದಿ, ದೇಶದ ಆಡಳಿತದಲ್ಲಿ ಎಲ್ಲೆಲ್ಲಿ ತಪ್ಪಿದೆಯೆಂದು ಹೋಗಿಬರುವವರಿಗೆ ತಿಳಿಸುವುದು ನನ್ನ ನಿತ್ಯದ ವ್ರತ. ಕೊಳವೆಯವನು ಕಟ್ಟೆಯನ್ನು ಒಡೆದು ನೇರವಾಗಿ ಹೋಗುತ್ತೇನೆಂದ. ನಾನು ಸೆಕ್ರೆಟರಿಯ ಗತ್ತಿನಲ್ಲಿ, "ನಮ್ಮಪ್ಪ ಕಟ್ಟಿಸಿದ ಕಟ್ಟಿಗೆ ಕೈ ಹಚ್ಚಬ್ಯಾಡ, ಬುಡಕ್ಕ ಹಾದು ಹೋಗು" ಎಂದೆ. ಅವನು ಕೊಳವೆಯನ್ನು ಕಟ್ಟೆಯ ಅಡಿಪಾಯದ ಕೆಳಗೆ ಇಳಿಸಿ, ಆಚೆ ಮೇಲೆತ್ತಿ, ನಮ್ಮ ಅಡುಗೆಮನೆಗೆ ಮುಟ್ಟಿಸಿದ. ಕೊಳವೆ ಬಗ್ಗುತ್ತದೆ, ಪರಂಪರೆ ಬಗ್ಗುವುದಿಲ್ಲ ಎಂದು ನಾನು ಆ ಸಂಜೆ ಯಾರಿಗೋ ಹೇಳಿದ ನೆನಪೂ ಇದೆ.

ಉದ್ಘಾಟನೆಯ ದಿನ ಭಾಷಣ ಮಾಡುವ ಹುರುಪಿನಲ್ಲಿ ನಾನೊಂದು ಕೆಲಸ ಮಾಡಿದೆ. "ಹೊಗೆಯ ಕಾಲ ಮುಗಿಯಿತು" ಎಂದು ಘೋಷಿಸಿ, ಊರ ಮಂದಿಯನ್ನೆಲ್ಲ ನಮ್ಮ ಅಡುಗೆಮನೆಯ ಬಾಗಿಲಿಗೆ ಕರೆದು, ಹಾರೆ ತೆಗೆದುಕೊಂಡು ನಮ್ಮ ಮಣ್ಣಿನ ಒಲೆಯನ್ನು ಒಡೆದುಹಾಕಿದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಶಾಂತವ್ವ ಮಾತ್ರ ಒಲೆಯ ಚೂರುಗಳನ್ನು ಬುಟ್ಟಿಗೆ ತುಂಬುತ್ತ, "ಇದು ಉರಿತಿತ್ತಲ್ಲ" ಎಂದಳು. ಹೊಸದು ಬಂದಾಗ ಹೆಂಗಸರಿಗೆ ಹೀಗೆ ಅನ್ನಿಸುವುದು ಸಹಜವೆಂದು ನಾನು ತಿಳಿದೆ.

ಒಂದೂವರೆ ತಿಂಗಳು ಹೊಸ ಒಲೆ ಸೊಗಸಾಗಿ ಉರಿಯಿತು. ಆಮೇಲೆ ಒಂದು ದಿನ ಬೆಳಿಗ್ಗೆ ರೊಟ್ಟಿಯ ಹೊತ್ತಿಗೆ ಕಡ್ಡಿ ಕೊರೆದರೆ ಸುಂಯ್ ಎಂದು ಉಸಿರುಬಿಟ್ಟು ಆರಿತು. ಮರುದಿನವೂ ಹಾಗೆಯೇ. ವಿಚಿತ್ರವೆಂದರೆ ಮಧ್ಯಾಹ್ನ ಮೂರಕ್ಕೆ, ಯಾರಿಗೂ ಒಲೆ ಬೇಡವಾದಾಗ, ಅದು ಚೆನ್ನಾಗಿಯೇ ಉರಿಯುತ್ತಿತ್ತು. ಹತ್ತೂ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿದ್ದರೆ, ಶಾಂತವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹತ್ತಿಕಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಸುಡುತ್ತಿದ್ದಳು. ಅಡುಗೆಮನೆಯಲ್ಲಿದ್ದ ಹೊಗೆಯನ್ನು ನಾನು ಹಿತ್ತಲಿಗೆ ವರ್ಗ ಮಾಡಿಸಿದ್ದೆ, ಅಷ್ಟೇ ನನ್ನ ಕ್ರಾಂತಿ.

ಗ್ಯಾಸು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ತರಗತಿಯಲ್ಲಿ ಸಂಧಿ ಬಿಡಿಸುತ್ತಿರುವಾಗಲೂ ತಲೆಯೊಳಗೆ ಕೊಳವೆಯೇ ಓಡುತ್ತಿತ್ತು. ನೋಡಲು ಬಾರದ, ಹಿಡಿಯಲು ಬಾರದ ವಸ್ತುವೊಂದು ಹತ್ತು ಮನೆಗೆ ತಪ್ಪದೆ ಹೋಗಿ ಹನ್ನೊಂದನೆಯದರ ಬಾಗಿಲಲ್ಲಿ ಏಕೆ ಹಿಂಜರಿಯಬೇಕು? ಒಂದು ಸಲ ಯಾರೂ ಇಲ್ಲದ ಹೊತ್ತು ನೋಡಿ ಕಟ್ಟೆಯ ಪಕ್ಕ ನೆಲಕ್ಕೆ ಕಿವಿಯಿಟ್ಟೆ. ಒಳಗೆ ಗುಳುಗುಳು ಎಂಬ ಸಪ್ಪಳ ಕೇಳಿಸಿತು. ಸೆಗಣಿಯ ಗ್ಯಾಸಲ್ಲವೇ, ಅದರ ಹೊಟ್ಟೆಯಲ್ಲೂ ಗುಳುಗುಳು ಇರಬಹುದೆಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಕಾಶವ್ವ ಹೊರಗೆ ಬಂದು, "ಏನ್ ಕಳಕೊಂಡೀರಿ ಮಾಸ್ತರ?" ಎಂದಳು. ಎದ್ದು ಧೋತರ ಝಾಡಿಸಿಕೊಂಡು ಒಳಗೆ ಹೋದೆ. ನೆಲಕ್ಕೆ ಕಿವಿಯಿಡುವುದು ಸೆಕ್ರೆಟರಿಗೆ ಶೋಭಿಸುವುದಿಲ್ಲವೆಂದು ಆ ಗುಳುಗುಳುವಿನ ವಿಷಯವನ್ನು ಯಾರಿಗೂ ಹೇಳಲಿಲ್ಲ.

ಆಗ ಎರಡು ಆಜ್ಞೆಗಳು ಒಟ್ಟಿಗೇ ಬಂದವು. ಮೇಲಿನ ಕಚೇರಿಯಿಂದ ಒಂದು ಕಾಗದ: ನಿಮ್ಮ ಯೋಜನೆ ಹೂಲಿ, ಸಾಲಹಳ್ಳಿಗಳಿಗೆ ವಿಸ್ತರಿಸಬೇಕಾದರೆ ಮೊದಲು ಅನುಭವಿ ಎಂಜಿನಿಯರರೊಬ್ಬರನ್ನು ನೇಮಿಸಿ, ಕೊಳವೆಯ ಹರಿವಿನ ನಕ್ಷೆ ಮಾಡಿಸಿ; ಇಲ್ಲವಾದರೆ ಯೋಜನೆ ಇಲ್ಲಿಗೇ ನಿಲ್ಲುತ್ತದೆ. ಎರಡನೆಯದು ಹಿತ್ತಲಿನಿಂದ. "ಸುಮಿತ್ರಾ ಬಾಣಂತನಕ್ಕ ಶ್ರಾವಣದಾಗ ಬರತಾಳ. ಅಷ್ಟರಾಗ ಆ ಒಲಿ ಹತ್ತಿದ್ರ ಹತ್ತಿತು. ಇಲ್ಲಾಂದ್ರ ನಾ ಮಣ್ಣ ಕಲಸತೇನಿ" ಎಂದಳು ಶಾಂತವ್ವ. ಅವಳು ಹೇಳಿದಂತೆ ಮಾಡುವವಳು. ಊರ ಮುಂದೆ ಹಾರೆಯಿಂದ ಒಲೆ ಒಡೆದ ಸೆಕ್ರೆಟರಿಯ ಮನೆಯಲ್ಲೇ ಮಣ್ಣಿನ ಒಲೆ ಮತ್ತೆ ಎದ್ದರೆ, ವಾರದೊಳಗೆ ಬೀದಿಯ ಎಲ್ಲ ಮನೆಗಳಲ್ಲೂ ಏಳುತ್ತಿತ್ತು. ಡ್ರಮ್ಮು ತುಕ್ಕು ಹಿಡಿಯುತ್ತಿತ್ತು. ಮಗಳು ಸುಮಿತ್ರಾಳ ಕೂಸು ಹೊಗೆಯಲ್ಲೇ ಕಣ್ಣು ಬಿಡುತ್ತಿತ್ತು. ನನಗೆ ನಿಜವಾಗಿ ಭಯವಾಯಿತು.

ಜಾಹೀರಾತನ್ನು ನಾನೇ ಬರೆದೆ. "ಬೇಕಾಗಿದ್ದಾರೆ: ಇಂಧನ ಯೋಜನೆಯಲ್ಲಿ ಕೊಳವೆಯೊಳಗಿನ ಹರಿವನ್ನು ಲೆಕ್ಕಿಸಿ ನಕ್ಷೆಯಲ್ಲಿ ತೋರಿಸಬಲ್ಲ ಹಿರಿಯ, ಅನುಭವಿ ಎಂಜಿನಿಯರರು." ಇಷ್ಟೇ ಬರೆದರೆ ಬಿಕೋ ಎನ್ನಿಸುತ್ತದೆಂದು ಕೊನೆಗೆ, "ಸಂದರ್ಶನಕ್ಕೆ ಬರುವವರಿಗೆ ಸೆಕ್ರೆಟರಿಯವರ ಮನೆಯಲ್ಲಿ ಊಟದ ಏರ್ಪಾಡು ಇದೆ" ಎಂದು ಸೇರಿಸಿದೆ. ಈ ಕೊನೆಯ ಸಾಲನ್ನು ಓದಿದವರೇ ಹೆಚ್ಚೆಂದು ಅರ್ಜಿಗಳು ಬಂದಾಗ ತಿಳಿಯಿತು. ಬೈಲಹೊಂಗಲದ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವರೊಬ್ಬರು, "ಕೊಳವೆಯೊಳಗಿನ ಗಾಳಿಯ ಬಗ್ಗೆ ನನಗೆ ಇಪ್ಪತ್ತು ವರ್ಷದ ಅನುಭವವಿದೆ" ಎಂದು ಬರೆದಿದ್ದರು. ಅವರನ್ನೇ ಕರೆದಿದ್ದರೆ ಕಡೆಯಪಕ್ಷ ಬೀದಿಯವರಿಗೆ ಒಂದು ಸಂಜೆಯ ಸಂಗೀತವಾದರೂ ಸಿಗುತ್ತಿತ್ತು.

ಯೋಗ್ಯವಾದ ಅರ್ಜಿಗಳು ನಾಲ್ಕು. ಅವುಗಳಲ್ಲಿ ಮೊದಲು ಬಂದದ್ದು, ಎಲ್ಲಕ್ಕಿಂತ ಗಟ್ಟಿಯಾದದ್ದು ಕಾಂಬಳೆ ಎಂಬವರದು. ಸಾಲಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ, ಅಸ್ಸಾಮು, ಗುಜರಾತುಗಳಲ್ಲಿ ಹದಿನೈದು ವರ್ಷ ಎಣ್ಣೆಯ ಕೊಳವೆಗಳ ಹರಿವನ್ನು ಲೆಕ್ಕ ಹಾಕಿ, ಆರೋಗ್ಯದ ಕಾರಣದಿಂದ ನೌಕರಿ ಬಿಟ್ಟು ರಾಮದುರ್ಗದಲ್ಲಿ ನೆಲೆಸಿದವರು. ಧರ್ಮ ಎಂಬಲ್ಲಿ "ಬೌದ್ಧ" ಎಂದು ಬರೆದಿದ್ದರು. ಬಸಲಿಂಗಪ್ಪನವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, "ಶಾಣ್ಯಾ ಮನಶ್ಯಾ ಕಾಣಸ್ತಾನ" ಎಂದರು. ಆ ಹೆಸರೂ ಆ ಧರ್ಮವೂ ಯಾವ ಕೇರಿಯದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಜಾತಿ ಎಣಿಸುವವನಲ್ಲ. ಪ್ರತಿ ವರ್ಷ ಧ್ವಜದ ಕೆಳಗೆ ನಿಂತು ಮನುಷ್ಯರೆಲ್ಲ ಒಂದೇ ಎಂದು ಮುಕ್ಕಾಲು ತಾಸು ಮಾತಾಡುತ್ತೇನೆ. ಆದರೂ ಕಾಗದಗಳನ್ನು ಒಂದರ ಮೇಲೊಂದು ಜೋಡಿಸುವಾಗ ಆ ಅರ್ಜಿ ಅದು ಹೇಗೋ ಎಲ್ಲಕ್ಕಿಂತ ಕೆಳಗೆ ಹೋಯಿತು. ಜೋಡಿಸಿದವನು ನಾನೇ.

ಮೊದಲನೆಯವರು ಹುಬ್ಬಳ್ಳಿ ಕಡೆಯ ತರುಣರು. ಟೆರಿಲಿನ್ ಪ್ಯಾಂಟು, ತೋಳಿನ ಕೆಳಗೆ ನಕ್ಷೆಯ ಸುರುಳಿ. ಸುರೇಬಾನದಿಂದ ಚಕ್ಕಡಿಯಲ್ಲಿ ನಾನೇ ಕರೆತಂದೆ. ಸರಿಯಾಗಿ ರೊಟ್ಟಿಯ ಹೊತ್ತು. "ಈಗ ನೋಡ್ರಿ, ಈಗ ಹತ್ತೂದಿಲ್ಲ" ಎಂದು ಹೇಳುತ್ತಲೇ ಒಳಗೆ ಕರೆದೊಯ್ದೆ. ಅಡುಗೆಮನೆಯಲ್ಲಿ ಶಾಂತವ್ವ ಇಳಕಲ್ ಸೀರೆ ಉಟ್ಟು, ಗ್ಯಾಸಿನ ಒಲೆಯ ಮೇಲೆ ಹೋಳಿಗೆ ಬೇಯಿಸುತ್ತಿದ್ದಳು. ನೀಲಿ ಉರಿ, ಸ್ವಲ್ಪ ಕುಣಿಯುತ್ತಿತ್ತು, ಆದರೆ ಉರಿಯುತ್ತಿತ್ತು. ತರುಣರು ಐದು ಹೋಳಿಗೆ ತಿಂದು, "ನಿಮ್ಮ ಲೈನು ಏಕದಂ ಚಲೋ ಐತ್ರಿ" ಎಂದು ಹೋದರು. ಎರಡನೆಯವರು ನೀರಿನ ಇಲಾಖೆಯಿಂದ ನಿವೃತ್ತರಾದವರು. ಅವರಿಗೆ ಗೋಧಿ ಹುಗ್ಗಿ. ಹುಗ್ಗಿಯಾದ ಮೇಲೆ ನಮ್ಮ ಪಡಸಾಲೆಯಲ್ಲಿ ಎರಡು ತಾಸು ನಿದ್ದೆ ಮಾಡಿ, ಉರಿ ಕುಣಿಯುವುದು ಕಿಟಕಿಯ ಗಾಳಿಗೆ ಎಂದು ಅಭಿಪ್ರಾಯ ಕೊಟ್ಟರು. ಮೂರನೆಯವರು ಕಾಲೇಜಿನಲ್ಲಿ ಪಾಠ ಹೇಳುವವರು. ದಪ್ಪ ಪುಸ್ತಕ ತೆರೆದು, ಬೆಲ್ಲ ಬೆರೆಸಿದ ಮಾದೇಲಿ ತಿನ್ನುತ್ತ, ಕುಣಿಯುವುದು ಬೆಂಕಿಯ ಮೂಲಗುಣವೆಂದು ವಿವರಿಸಿದರು. ಮೂವರೂ ಹೇಳಿದ್ದು ಒಂದೇ: ಇಲ್ಲಿ ರೋಗವೇ ಇಲ್ಲ, ವೈದ್ಯನೇಕೆ?

ನನಗೆ ತಲೆ ಕೆಟ್ಟುಹೋಯಿತು. ಅತಿಥಿ ಹೋದ ಮರುದಿನ ಬೆಳಿಗ್ಗೆ ಒಲೆ ಮತ್ತೆ ಸುಂಯ್ ಎನ್ನುತ್ತಿತ್ತು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಮಗ್ಗಿ ತಪ್ಪದೆ ಹೇಳುವ ತರಗತಿಗಳನ್ನು ನಾನು ಕಂಡಿದ್ದೆ. ಎಂಜಿನಿಯರರನ್ನು ಕಂಡು ಹೆದರುವ ಗ್ಯಾಸನ್ನು ಕಂಡಿರಲಿಲ್ಲ. ಇನ್ನೂ ಒಂದನ್ನು ಗಮನಿಸಿದ್ದೆ: ಎಂಜಿನಿಯರು ಬಂದ ದಿನ ಬೀದಿಯ ಹೆಂಗಸರೆಲ್ಲ ರೊಟ್ಟಿಯ ಹೊತ್ತಿನಲ್ಲಿ ಕೈಕಟ್ಟಿಕೊಂಡು ತಮ್ಮ ತಮ್ಮ ಬಾಗಿಲಲ್ಲಿ ಕುಳಿತಿರುತ್ತಿದ್ದರು. ಬಂದವರನ್ನು ನೋಡುವ ಕುತೂಹಲವೆಂದು ತಿಳಿದು, ಸೊಸೈಟಿಯ ಬಗ್ಗೆ ಜನರಿಗೆ ಎಷ್ಟು ಆಸ್ಥೆಯೆಂದು ಹಿಗ್ಗಿದ್ದೆ. ಬಸಲಿಂಗಪ್ಪನವರಿಗೆ ಮಾತ್ರ ಬೇರೆಯೇ ಸಂಶಯ. "ಮಾಸ್ತರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮನಿಯವರಿಗೆ ಕಡ್ಡಿ ಕೊರಿಯೂದು ಬರತೈತೊ ಇಲ್ಲೊ?" ಎಂದರು. ಆ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ. ನನಗೂ ಜೀವದ ಆಸೆಯಿದೆ.

ಶ್ರಾವಣಕ್ಕೆ ಹದಿನೆಂಟು ದಿನ ಉಳಿದಿತ್ತು. ಶಾಂತವ್ವ ಕೆರೆಯ ಕಡೆಯಿಂದ ಮಣ್ಣು ತರಿಸಿ ಹಿತ್ತಲಲ್ಲಿ ರಾಶಿ ಹಾಕಿಸಿದ್ದಳು. ನೋಡಿಯೂ ನೋಡದವನಂತೆ ದಾಟಿ ಹೋಗುತ್ತಿದ್ದೆ. ಉಳಿದಿದ್ದದ್ದು ಎಲ್ಲಕ್ಕಿಂತ ಕೆಳಗಿನ ಅರ್ಜಿ. ಕಾಂಬಳೆಯವರಿಗೆ ಕಾಗದ ಹಾಕಿದೆ. ಬರುವ ಹಿಂದಿನ ದಿನ ಶಾಂತವ್ವ, "ನಾಳೆ ಬರವ್ರಿಗೆ ಏನು ಮಾಡ್ಲಿ?" ಎಂದು ಕೇಳಿದಳು. "ಏನೂ ಬ್ಯಾಡ. ಸಾಲ್ಯಾಗ ಕುಂತು ಮಾತಾಡತೇವಿ. ಹೋಟೆಲಿನಿಂದ ಚಹಾ ತರಸ್ತೇನಿ. ಪ್ರತಿ ಸಲ ನಿನಗ್ಯಾಕ ತ್ರಾಸ?" ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ ಒಳಗೆ ಹೋದಳು. ಹೆಂಡತಿಯ ಶ್ರಮದ ಬಗ್ಗೆ ನನಗಿರುವ ಕಾಳಜಿಯನ್ನು ನೆನೆದು ನಾನು ಸುಖವಾಗಿ ಮಲಗಿದೆ.

ಕಾಂಬಳೆಯವರು ಚಕ್ಕಡಿಗೆ ಕಾಯದೆ ಸುರೇಬಾನದಿಂದ ನಡೆದೇ ಬಂದರು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಹೆಗಲಿಗೆ ಜೋಳಿಗೆ. ಶಾಲೆಯ ಪಡಸಾಲೆಯಲ್ಲಿ ಹೋಟೆಲಿನ ಚಹಾ ಕುಡಿದರು. ಕುಡಿದು ಮುಗಿಸಿದ ಮೇಲೆ ಗಾಜಿನ ಲೋಟವನ್ನು ಒಮ್ಮೆ ತಿರುಗಿಸಿ ನೋಡಿ ಕೆಳಗಿಟ್ಟರು. ಬಸಲಿಂಗಪ್ಪನವರು ಸಂದರ್ಶನದ ಪ್ರಶ್ನೆಗಳ ಹಾಳೆ ಬಿಚ್ಚುವುದರೊಳಗೆ, "ಪ್ರಶ್ನಾ ಆಮ್ಯಾಲ ಕೇಳ್ರಿ. ಈಗ ರೊಟ್ಟಿ ಹೊತ್ತು. ಕಡೀ ಮನಿ ಒಲಿ ಯಾವುದು, ಮೊದಲ ಅದನ್ನ ತೋರಸ್ರಿ" ಎಂದು ಎದ್ದೇಬಿಟ್ಟರು. ನಾನು ಮುಂದೆ ಓಡಿ ಸುದ್ದಿ ಮುಟ್ಟಿಸುವಷ್ಟೂ ಹೊತ್ತು ಸಿಗಲಿಲ್ಲ.

ಬೀದಿಯಲ್ಲಿ ಕಾಲಿಟ್ಟರೆ ಹತ್ತೂ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಬಾಗಿಲಲ್ಲಿ ಯಾರೂ ಕುಳಿತಿಲ್ಲ. ನಮ್ಮ ಹಿತ್ತಲಿನಿಂದ ದಟ್ಟ ಹೊಗೆ. ಶಾಂತವ್ವ ಹಳೆಯ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೂರು ಕಲ್ಲಿನ ಮುಂದೆ ಕುಳಿತಿದ್ದವಳು ನಮ್ಮನ್ನು ಕಂಡು ಧಡಕ್ಕನೆ ಎದ್ದು ನಿಂತಳು. ಕಾಂಬಳೆಯವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಅಕ್ಕಾರ, ಒಳಗ ಬರಬಹುದೇನ್ರಿ?" ಎಂದು ಕೇಳಿದರು. ಅವರು ಕೇಳಿದ್ದು ಅವಳನ್ನು. ಅವಳು "ಬರ್ರಿ, ಬರ್ರಿ" ಎಂದಳು. ಅವರು ಗ್ಯಾಸಿನ ನಳ ತಿರುವಿ ಕಡ್ಡಿ ಕೊರೆದರು. ಸುಂಯ್ ಎಂದಿತು, ಆರಿತು. ಮತ್ತೊಂದು ಕಡ್ಡಿ, ಅದೂ ಆರಿತು. ಮೂರು ತಿಂಗಳಲ್ಲಿ ಮೊಟ್ಟಮೊದಲ ಬಾರಿಗೆ ರೋಗ ವೈದ್ಯನ ಎದುರಿಗೆ ಮಲಗಿತ್ತು. ನನಗೆ ಸಂತೋಷದಿಂದ ಕುಣಿಯಬೇಕೆನ್ನಿಸಿತು.

ಶಾಂತವ್ವ ನನ್ನನ್ನು ಪಕ್ಕಕ್ಕೆ ಎಳೆದು, "ಕರಕೊಂಡು ಬರತೇನಿ ಅಂತ ಮೊದಲ ಹೇಳಬಾರದೇನ್ರಿ? ನಳ ಬಂದ್ ಮಾಡಸ್ತಿದ್ದೆ" ಎಂದು ಪಿಸುಗುಟ್ಟಿದಳು.

"ಯಾವ ನಳ?"

"ಬೀದ್ಯಾಗಿನ ಎಲ್ಲಾರದೂ. ಮನಿಗೆ ಪಾವಣೇರು ಬಂದಾಗ ಒಲಿ ಹತ್ತಲಿಲ್ಲಂದ್ರ ಮರ್ಯಾದಿ ಏನು ಉಳೀತು? ಒಂದು ತಾಸು ನಿಮ್ಮ ನಿಮ್ಮ ನಳ ಬಂದ್ ಇಡ್ರೆವ್ವಾ ಅಂತ ಮನಿ ಮನಿಗೆ ಹೋಗಿ ಹೇಳಿಬರತಿದ್ದೆ. ಪಾಪ, ಎಲ್ಲಾರೂ ರೊಟ್ಟಿ ಬಿಟ್ಟು ಕುಂದರ್ತಿದ್ರು."

ನಾನು ಗೋಡೆಗೆ ಒರಗಿದೆ. ಮೂವರು ಎಂಜಿನಿಯರರು ತಿಂದ ಹೋಳಿಗೆ, ಹುಗ್ಗಿ, ಮಾದೇಲಿಗಳೆಲ್ಲ ಹತ್ತು ಮನೆಯವರು ಹಸಿದು ಕುಳಿತು ಕೊಟ್ಟ ಉರಿಯಲ್ಲಿ ಬೆಂದಿದ್ದವು. ರುಮಾಲು ಸುತ್ತಿಕೊಂಡವನು ಅಜ್ಜ ಒಬ್ಬನೇ ಅಲ್ಲ. ಇಡೀ ಬೀದಿಯೇ ಸುತ್ತಿಕೊಂಡಿತ್ತು. "ನಿನಗ ಬುದ್ಧಿ ಐತೇನು? ಅವರು ನೋಡಾಕ ಬಂದಿದ್ದ ಅದನ್ನ!" ಎಂದು ನಾನು ದನಿ ಏರಿಸಿದೆ. ಅವಳೂ ಏರಿಸಿದಳು. "ಬಂದವರಿಗೆ ಹೊಗಿ ಉಣಸಲೇನು? ಹೋಗ್ಲಿ, ಈ ಸಲ ಯಾಕ ಏನೂ ಬ್ಯಾಡಂದ್ರಿ? ಮೂರು ಮಂದಿಗೆ ಮಾಡುವಾಗ ಇಲ್ಲದ ತ್ರಾಸು ನಾಲ್ಕನೇದವರಿಗೆ ಎಲ್ಲಿಂದ ಬಂತು?"

ಉತ್ತರ ನನ್ನಲ್ಲಿತ್ತು, ಆದರೆ ಬಾಯಿಗೆ ತರುವಂಥದಲ್ಲ. ಒಲೆಯ ಮುಂದೆ ನಿಂತಿದ್ದ ಕಾಂಬಳೆಯವರಿಗೆ ಎಲ್ಲವೂ ಕೇಳಿಸಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಅವರು ಮಾತ್ರ ಕಡ್ಡಿಪೆಟ್ಟಿಗೆಯನ್ನು ಒಲೆಯ ಪಕ್ಕ ನೀಟಾಗಿ ಇಟ್ಟು, "ಚಲೋ ಆತು ಬಿಡ್ರಿ ಅಕ್ಕಾರ. ನನ್ನೂ ಪಾವಣ್ಯಾ ಮಾಡಿದ್ರ ನನಗೂ ಈ ಒಲಿ ಹತ್ತತಿತ್ತು. ಹೋಟೆಲ್ ಚಹಾ ಕುಡಿಸಿದ್ದಕ್ಕ ರೋಗ ಸಿಕ್ತು ನೋಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಗುತ್ತಲೇ, "ಜಾಹೀರಾತಿನ್ಯಾಗ ಸೆಕ್ರೆಟರಿಯವರ ಮನ್ಯಾಗ ಊಟ ಅಂತ ಓದಿದ್ದೆ ಮಾಸ್ತರ. ಅಚ್ಚಿನ್ಯಾಗ ತಪ್ಪು ಬಿದ್ದಿರಬೇಕು" ಎಂದರು. ನನ್ನ ದುಂಡು ಅಕ್ಷರದಲ್ಲಿ ನಾನೇ ಬರೆದ ಸಾಲು ಅದು.

ಶಾಂತವ್ವ ಯಾರನ್ನೂ ಕೇಳಲಿಲ್ಲ. ಪಡಸಾಲೆಯಲ್ಲಿ ಮೂರು ಮಣೆ ಹಾಕಿ, ಹಿತ್ತಲ ಹೊಗೆಯಲ್ಲಿ ಸುಟ್ಟ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಬಡಿಸಿದಳು. ಕಾಂಬಳೆಯವರು ಕುಳಿತರು. ನಾನು ಅವರ ಪಕ್ಕ ಕುಳಿತೆ. ಬಸಲಿಂಗಪ್ಪನವರು ಮಾತ್ರ ಬಾಗಿಲಲ್ಲಿ ನಿಂತು, ಇಂದು ತಮ್ಮದು ಸೋಮವಾರದ ಒಪ್ಪತ್ತೆಂದರು. "ಇವತ್ತು ಬುಧವಾರ್ರಿ" ಎಂದಳು ಶಾಂತವ್ವ. ಅವರು ಸ್ವಲ್ಪ ಹೊತ್ತು ವಾರಗಳನ್ನು ಎಣಿಸಿ, ಮೂರನೆಯ ಮಣೆಯ ಮೇಲೆ ಕುಳಿತರು.

ಊಟವಾದ ಮೇಲೆ ಕಾಂಬಳೆಯವರು, "ಅಕ್ಕಾರ, ಒಂದು ಚಿಟಿಕಿ ಕುಂಕುಮ ಕೊಡ್ರಿ" ಎಂದರು. ನಾವು ಮಿಕಿಮಿಕಿ ನೋಡಿದೆವು. "ಪೂಜಾಕ್ಕಲ್ರಿ. ನೀರು ಕಣ್ಣಿಗೆ ಕಾಣಬೇಕಲ್ಲ" ಎಂದು ಜೋಳಿಗೆಯಿಂದ ಒಂದು ಪಾರದರ್ಶಕ ನಳಿಗೆ ತೆಗೆದು, ಬಗ್ಗಿಸಿ ಹಲಗೆಗೆ ಕಟ್ಟಿ, ಅದರಲ್ಲಿ ಕುಂಕುಮದ ನೀರು ತುಂಬಿದರು. ಒಂದು ತುದಿಯನ್ನು ಗ್ಯಾಸಿನ ನಳಕ್ಕೆ ಸಿಕ್ಕಿಸಿದರೆ, ಗ್ಯಾಸು ಎಷ್ಟು ಜೋರಾಗಿ ನೂಕುತ್ತದೋ ಅಷ್ಟು ಕೆಂಪು ನೀರು ಇನ್ನೊಂದು ಕಡೆ ಏರುತ್ತದೆ. ಆವರೆಗೆ ನಾನು ಕಿವಿಯಿಟ್ಟು ಹುಡುಕಿದ್ದ ವಸ್ತು ಈಗ ಕಣ್ಣಿಗೆ ಕಾಣುತ್ತಿತ್ತು! ಆ ರಾತ್ರಿ ಅವರು ನಮ್ಮಲ್ಲೇ ಉಳಿದರು. ಮರುದಿನ ರೊಟ್ಟಿಯ ಹೊತ್ತಿಗೆ ಎಲ್ಲ ಮನೆಗಳ ಒಲೆ ಹಚ್ಚಿಸಿಟ್ಟು ಹೊರಟರೆ, ನಾ ಮುಂದು ತಾ ಮುಂದು ಎಂದು ಬೀದಿಯೆಲ್ಲ ಅವರ ಹಿಂದೆ. ಮೊದಲನೆಯ ಮನೆಯಲ್ಲಿ ಕೆಂಪು ನೀರು ನಾಲ್ಕು ಬೆರಳು ಏರಿತು. ಐದನೆಯದರಲ್ಲಿ ಮೂರು. ಹತ್ತನೆಯ ಕಾಶವ್ವನ ಮನೆಯಲ್ಲಿ ಎರಡು. ನಮ್ಮ ಮನೆಯಲ್ಲಿ ಅಲ್ಲಾಡಲೇ ಇಲ್ಲ.

ಅದನ್ನೆಲ್ಲ ಚೌಕುಳಿ ಹಾಳೆಯ ಮೇಲೆ ಚುಕ್ಕೆಯಿಟ್ಟು ಗೆರೆ ಎಳೆದರು. ಮೇಲಿನ ಕಚೇರಿ ಕೇಳಿದ್ದ ಹರಿವಿನ ನಕ್ಷೆಯೆಂದರೆ ಇದೇ. ಗೆರೆ ಹತ್ತು ಮನೆಯವರೆಗೆ ಹೊಲದ ಇಳಿಜಾರಿನಂತೆ ನಿಧಾನವಾಗಿ ಇಳಿದು, ಹತ್ತು ಮತ್ತು ಹನ್ನೊಂದರ ನಡುವೆ ಬಾವಿಗೆ ಬಿದ್ದಂತೆ ನೆಟ್ಟಗೆ ಕೆಳಗೆ ಬಿದ್ದಿತ್ತು. "ಇಳಿಯೂದು ಲೆಕ್ಕದ ಪ್ರಕಾರ ಐತಿ. ಈ ಬೀಳೂದು ಲೆಕ್ಕಕ್ಕ ಬರೂದಿಲ್ಲ. ಇಲ್ಲಿ ಗ್ಯಾಸಿನ ದಾರ್ಯಾಗ ಯಾರೋ ಕುಂತಾರ" ಎಂದರು.

"ಯಾರು ಕುಂತಾರ್ರಿ?" ಎಂದೆ ನಾನು, ಕುತೂಹಲದಿಂದ ಮುಂದಕ್ಕೆ ಬಾಗಿ.

"ನೀವ ಕುಂತೀರಲ್ಲ" ಎಂದರು.

ನಾನು ನಮ್ಮಪ್ಪನ ಕಟ್ಟೆಯ ಮೇಲೆ ಕುಳಿತಿದ್ದೆ. ಕೊಳವೆ ಇದರ ಬುಡದಲ್ಲಿ ಇಳಿದು ಏರುತ್ತದೆಯೇ ಎಂದು ಕೇಳಿದರು. ಹೌದೆಂದೆ. ಉರಿದಾಗ ಉರಿ ಕುಣಿಯುತ್ತದೆಯೇ? ಹೌದು. ನೆಲದೊಳಗೆ ಗುಳುಗುಳು ಸಪ್ಪಳವೇನಾದರೂ? ನಾನು ಕಾಶವ್ವನ ಕಡೆ ನೋಡದೆ ಹೌದೆಂದೆ. ಅವರು ವಿವರಿಸಿದರು: ಅನ್ನದ ಪಾತ್ರೆಯ ಮುಚ್ಚಳದಲ್ಲಿ ನೀರು ಹನಿಗಟ್ಟುವಂತೆ ಈ ಗ್ಯಾಸಿನಿಂದಲೂ ಕೊಳವೆಯೊಳಗೆ ನೀರು ಹನಿಯುತ್ತದೆ. ಎಲ್ಲಿ ತಗ್ಗು ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ. ಮೊದಮೊದಲು ತಗ್ಗು ಬರಿದಾಗಿತ್ತು, ಒಲೆ ಉರಿಯಿತು. ನೀರು ತುಂಬಿದ ಮೇಲೆ ಕೆಟ್ಟಿತು. ಬೀದಿಯೆಲ್ಲ ನಳ ಬಂದ್ ಮಾಡಿದರೆ ಗ್ಯಾಸಿಗೆ ಪೂರ್ತಿ ಜೋರಿರುತ್ತದೆ, ನೀರನ್ನು ಸೀಳಿಕೊಂಡು ಕುಣಿಯುತ್ತ ಬರುತ್ತದೆ. ಎಲ್ಲರೂ ರೊಟ್ಟಿಗೆ ಕುಳಿತರೆ ಅಷ್ಟು ಜೋರು ಉಳಿಯುವುದಿಲ್ಲ, ನೀರಿನ ಆಚೆಯೇ ನಿಂತುಬಿಡುತ್ತದೆ. ಕೇಳಿದರೆ ಎಷ್ಟು ಸರಳ! ಆದರೆ ಹಾಗೆ ಸರಳವಾಗಿ ಕಾಣಲು ಹದಿನೈದು ವರ್ಷ ಕೊಳವೆಯ ಹಿಂದೆ ತಿರುಗಬೇಕು.

"ಕಟ್ಟಿ ಒಂದು ಮೂಲಿ ಒಡೀಬೇಕ್ರಿ" ಎಂದರು. ಕಾಶವ್ವನ ಬಾಗಿಲ ಮುಂದೆ ಅಗೆದರೆ ಸಾಲದೇ ಎಂದು ನಾನು ಕೇಳಿದೆ. ಶಾಂತವ್ವ ಒಳಗೆ ಹೋಗಿ ಹಾರೆ ತಂದು ನನ್ನ ಕೈಗೆ ಕೊಟ್ಟಳು. ಒಲೆ ಒಡೆದ ಹಾರೆಯೇ ಅದು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ನಾನೂ ಭಾಷಣ ಮಾಡಲಿಲ್ಲ. ಕಲ್ಲು ಸರಿಸಿ, ಕೊಳವೆ ಬಿಚ್ಚಿ ಬಗ್ಗಿಸಿದರೆ ಒಂದು ತಂಬಿಗೆ ನಾರುವ ನೀರು ಸುರಿಯಿತು. ಮೂರು ತಿಂಗಳು ನನ್ನ ಹೆಂಡತಿಯ ಕಣ್ಣಲ್ಲಿ ನೀರು ತರಿಸಿದ ನೀರು. ಸಂಜೆಯೊಳಗೆ ಕೊಳವೆ ಮತ್ತೆ ಕೂಡಿತು. ಮರುದಿನ ಬೆಳಿಗ್ಗೆ ಹನ್ನೊಂದೂ ಮನೆಗಳಲ್ಲಿ ಒಟ್ಟಿಗೇ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಶಾಂತವ್ವ ರೊಟ್ಟಿ ಮುಗಿಸಿ ಹಿತ್ತಲಿಗೆ ಹೋಗಿ, ಕೆರೆಯ ಮಣ್ಣಿನ ರಾಶಿಯಲ್ಲಿ ಬಳ್ಳಿ ಸವತೆಯ ಬೀಜ ಹಾಕಿದಳು.

ನೇಮಕಾತಿಯ ಸಭೆ ಎರಡು ನಿಮಿಷದಲ್ಲಿ ಮುಗಿಯಿತು. ಪ್ರಶ್ನೆಯ ಹಾಳೆಯನ್ನು ಬಸಲಿಂಗಪ್ಪನವರು ಮಡಚಿ ಕಿಸೆಗೆ ಹಾಕಿಕೊಂಡಿದ್ದರು. ಆದೇಶವನ್ನು ನಾನು ನನ್ನ ಅತ್ಯಂತ ದುಂಡಾದ ಅಕ್ಷರದಲ್ಲಿ ಬರೆದೆ. ಕಾಂಬಳೆಯವರು ಅದನ್ನು ಓದಿ, ಸಹಿ ಮಾಡುವ ಮೊದಲು ಒಂದು ಷರತ್ತು ಹಾಕಿದರು. ಕಟ್ಟೆಯ ಬುಡದ ತಗ್ಗನ್ನು ಪೂರ್ತಿ ತೆಗೆಯಬೇಕಾದರೆ ಇಡೀ ಕಟ್ಟೆ ಹೋಗಬೇಕು. ಅದು ಬೇಡವಾದರೆ ಅಲ್ಲೊಂದು ಮುಚ್ಚಳವಿಟ್ಟು ವಾರಕ್ಕೊಮ್ಮೆ ನೀರು ತೆಗೆಯಬೇಕು. "ತೆಗಿಯಾಂವ ಜವಾಬ್ದಾರ ಮನಶ್ಯಾ ಇರಬೇಕು. ನಾ ಒಬ್ಬರ ಹೆಸರು ಸೂಚಸ್ತೇನಿ" ಎಂದರು. ಸಭೆ ಸರ್ವಾನುಮತದಿಂದ ಒಪ್ಪಿತು. ಹೀಗೆ ಒಂದೇ ದಿನ ಸೊಸೈಟಿಯಲ್ಲಿ ಎರಡು ನೇಮಕವಾಯಿತು.

ಶ್ರಾವಣದಲ್ಲಿ ಸುಮಿತ್ರಾ ಬಂದಳು, ಮೊಮ್ಮಗಳು ಹುಟ್ಟಿದಳು, ಹೊಗೆಯಿಲ್ಲದ ಅಡುಗೆಮನೆಯಲ್ಲಿ ಬಾಣಂತಿಗೆ ಎರೆಯುವ ನೀರು ಕಾಯಿತು. ಒಂದು ಸೋಮವಾರ ಬೆಳಿಗ್ಗೆ ಕೂಸನ್ನು ನೋಡಲು ಕಾಂಬಳೆಯವರು ಬರುತ್ತಾರೆಂದು ಸುದ್ದಿ ಬಂತು. ಸರಿಯಾಗಿ ರೊಟ್ಟಿಯ ಹೊತ್ತಿಗೆ ಬೀದಿಯ ತಲೆಗೆ ಬಂದವರು ಅಲ್ಲೇ ನಿಂತುಬಿಟ್ಟರು. ಹತ್ತೂ ಮನೆಯ ಹೆಂಗಸರು ಕೈಕಟ್ಟಿಕೊಂಡು ತಮ್ಮ ತಮ್ಮ ಬಾಗಿಲಲ್ಲಿ ಕುಳಿತಿದ್ದರು. ಈಗ ಅದರ ಅಗತ್ಯವೇ ಇರಲಿಲ್ಲ. ಶಾಂತವ್ವ ಹೇಳಿಯೂ ಇರಲಿಲ್ಲ. ಆದರೂ ಮಾಸ್ತರರ ಮನೆಗೆ ಪಾವಣೇರು ಬರುತ್ತಾರೆಂದು ಅವರವರೇ ನಳ ಬಂದ್ ಮಾಡಿಕೊಂಡು ಕುಳಿತಿದ್ದರು. "ಹಚ್ಚಕೋರಿ ಯವ್ವಾ, ಹಚ್ಚಕೋರಿ! ಹಸದು ಕುಂದರಬ್ಯಾಡ್ರಿ!" ಎಂದು ಕೂಗುತ್ತ ಬಂದರು ಕಾಂಬಳೆಯವರು. ಹತ್ತಿರ ಬಂದಾಗ ಅವರ ಕಣ್ಣು ತುಂಬಿದ್ದನ್ನು ಕಂಡೆ. ಹೊಗೆಯೇನೂ ಇರಲಿಲ್ಲ.

ಹನ್ನೊಂದು ಮನೆಯ ಆ ಬೀದಿಯಲ್ಲಿ ಎದ್ದು ನಿಂತು ಅವರನ್ನು ಸ್ವಾಗತಿಸದೆ ಇದ್ದವನು ನಾನೊಬ್ಬನೇ. ಸೋಮವಾರ ನೀರು ತೆಗೆಯುವ ದಿನವಾದ್ದರಿಂದ ನಾನು ಅಪ್ಪನ ಕಟ್ಟೆಯ ಬುಡದಲ್ಲಿ ಮಂಡಿಯೂರಿ, ಮುಚ್ಚಳ ತೆಗೆದು, ತಂಬಿಗೆ ಹಿಡಿದಿದ್ದೆ. ಅವರು ನನ್ನ ತಲೆಯ ಮೇಲೆ ಬಾಗಿ, "ಆರಾಮ ಅದೀರೇನ್ರಿ ಮಾಸ್ತರ?" ಎಂದು ಕೇಳಿದರು.

ಕೈಗೆಲ್ಲ ಸೆಗಣಿಯ ವಾಸನೆ, ಮಂಡಿಗೆ ಕಲ್ಲು ಒತ್ತಿ ಪ್ರಾಣ ಹೋಗುತ್ತಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ, ಟೊಪ್ಪಿಗೆ ಸರಿಪಡಿಸಿಕೊಂಡು, "ಆರಾಮ ಅದೇನ್ರಿ, ನೀವು ಹೆಂಗದೀರಿ?" ಎಂದೆ.